ಹಳ್ಳಿಯ ಸಂಸಾರದ ತಿಂಗಳ ಖರ್ಚು: ಹನ್ನೆರಡು ವರ್ಷಗಳ ಲೆಕ್ಕ ಮತ್ತು ಕಲಘಟಗಿಯ ಪೇಟೆ

ತನ್ನ ವಹಿವಾಟು ಹೆಚ್ಚಿತೇ, ಕಡಿಮೆಯಾಯಿತೇ ಎಂಬುದನ್ನು ವರ್ತಕನು ತನ್ನ ಕೀರ್ದಿ-ಖಾತೆಗಳಿಂದಲೇ ತಿಳಿಯುತ್ತಾನೆ. ಆದರೆ ಅದೇ ಅವಧಿಯಲ್ಲಿ ಗಿರಾಕಿಯ ಮನೆಯ ಖರ್ಚು ಎಷ್ಟು ಬೆಳೆಯಿತು, ಬೆಳೆದ ಆ ಖರ್ಚಿನಲ್ಲಿ ತನ್ನ ಅಂಗಡಿಯ ಪಾಲು ಎಷ್ಟು ಉಳಿಯಿತು ಎಂಬ ಸಂಗತಿ ಅವನ ಪುಸ್ತಕಗಳಲ್ಲಿ ದೊರೆಯುವುದಿಲ್ಲ. ಅದಕ್ಕೆ ಬೇರೊಂದು ಲೆಕ್ಕವನ್ನು ನೋಡಬೇಕಾಗುತ್ತದೆ. ಕೇಂದ್ರ ಸರ್ಕಾರದ ಸಾಂಖ್ಯಿಕ ಇಲಾಖೆಯು ನಡೆಸುವ ಗೃಹಬಳಕೆ ವೆಚ್ಚ ಸಮೀಕ್ಷೆಯೇ ಆ ಲೆಕ್ಕ. ಅರ್ಥಶಾಸ್ತ್ರಜ್ಞರು ಬಡತನದ ಚರ್ಚೆಗೆ ಇದನ್ನು ಬಳಸುತ್ತಾರೆ. ವ್ಯಾಪಾರಸ್ಥರು ಇದನ್ನು ಓದುವ ರೂಢಿ ಕಡಿಮೆ. ವಾಸ್ತವದಲ್ಲಿ ಕಿರಾಣಿ ಅಂಗಡಿಯವರಿಗೂ ಸಣ್ಣ ಉತ್ಪಾದಕರಿಗೂ ಇದಕ್ಕಿಂತ ಉಪಯುಕ್ತವಾದ ಸರ್ಕಾರಿ ಪ್ರಕಟಣೆಗಳು ಹೆಚ್ಚಿಲ್ಲ.

ಈ ಸಮೀಕ್ಷೆ ಸಾಮಾನ್ಯವಾಗಿ ಐದು ವರ್ಷಗಳಿಗೊಮ್ಮೆ ನಡೆಯುತ್ತಿತ್ತು. 2011-12ರ ನಂತರ 2017-18ರಲ್ಲಿ ನಡೆದ ಸಮೀಕ್ಷೆಯ ಫಲಿತಾಂಶವನ್ನು, ಅಂಕಿ-ಅಂಶಗಳ ಗುಣಮಟ್ಟದ ಕಾರಣ ನೀಡಿ, 2019ರಲ್ಲಿ ಸರ್ಕಾರ ಕೈಬಿಟ್ಟಿತು. ಆದ್ದರಿಂದ ಹತ್ತು ವರ್ಷಗಳಿಗೂ ಮಿಕ್ಕಿ ದೇಶದ ಮನೆಖರ್ಚಿನ ಅಧಿಕೃತ ಚಿತ್ರವೇ ಇರಲಿಲ್ಲ. ಅನಂತರ 2022ರ ಆಗಸ್ಟ್‌ನಿಂದ 2023ರ ಜುಲೈವರೆಗೆ ಒಂದು, 2023ರ ಆಗಸ್ಟ್‌ನಿಂದ 2024ರ ಜುಲೈವರೆಗೆ ಮತ್ತೊಂದು, ಹೀಗೆ ಎರಡು ಸಮೀಕ್ಷೆಗಳು ಬೆನ್ನುಬೆನ್ನಿಗೆ ನಡೆದವು. ಎರಡನೆಯದರಲ್ಲಿ 2,61,953 ಕುಟುಂಬಗಳಿಂದ ಮಾಹಿತಿ ಪಡೆಯಲಾಯಿತು. ಅವುಗಳಲ್ಲಿ 1,54,357 ಕುಟುಂಬಗಳು ಗ್ರಾಮೀಣ ಪ್ರದೇಶದವು.

ಖರ್ಚು ಎಂದರೆ ಯಾವುದು?

ಅಂಕಿಗಳನ್ನು ನೋಡುವ ಮೊದಲು ಸಮೀಕ್ಷೆಯು ಯಾವುದನ್ನು ಖರ್ಚೆಂದು ಗಣಿಸುತ್ತದೆ ಎಂಬುದು ಸ್ಪಷ್ಟವಾಗಿರಬೇಕು. ಇಲ್ಲಿ ಲೆಕ್ಕಕ್ಕೆ ಬರುವುದು ಮನೆಯ ಉಪಭೋಗ ಮಾತ್ರ. ಬೀಜ, ಗೊಬ್ಬರ, ಔಷಧಿ ಸಿಂಪಡಣೆ, ಟ್ರ್ಯಾಕ್ಟರ್ ಬಾಡಿಗೆ ಮುಂತಾದ ಬೇಸಾಯದ ಖರ್ಚು ಇದರಲ್ಲಿ ಸೇರುವುದಿಲ್ಲ. ಸಾಲದ ಮರುಪಾವತಿ, ಹೊಲ ಅಥವಾ ನಿವೇಶನದ ಖರೀದಿ, ಉಳಿತಾಯ ಇವೂ ಸೇರುವುದಿಲ್ಲ. ಆದರೆ ಸ್ವಂತ ಹೊಲದಲ್ಲಿ ಬೆಳೆದು ಮನೆಯಲ್ಲೇ ಉಂಡ ಭತ್ತಕ್ಕೆ, ಜೋಳಕ್ಕೆ, ಸ್ವಂತ ಎಮ್ಮೆಯ ಹಾಲಿಗೆ ಸ್ಥಳೀಯ ದರದಂತೆ ಬೆಲೆ ಕಟ್ಟಿ ಖರ್ಚಿನಲ್ಲಿ ಸೇರಿಸಲಾಗುತ್ತದೆ. ಕಲಘಟಗಿಯಂತಹ ಭತ್ತದ ಸೀಮೆಯಲ್ಲಿ ಇದು ಮುಖ್ಯವಾದ ಸಂಗತಿ. ಇಲ್ಲಿನ ರೈತ ಕುಟುಂಬದ ಅಕ್ಕಿಯ ‘ಖರ್ಚು’ ಎಲ್ಲವೂ ಪೇಟೆಗೆ ಬರುವ ಹಣವಲ್ಲ.

ಲೆಕ್ಕವು ತಲಾ ಮಾಸಿಕ ಸರಾಸರಿಯಲ್ಲಿರುತ್ತದೆ. ಕುಟುಂಬದ ಖರ್ಚು ಬೇಕಾದರೆ ಮನೆಮಂದಿಯ ಸಂಖ್ಯೆಯಿಂದ ಗುಣಿಸಿಕೊಳ್ಳಬೇಕು.

ರೂಪಾಯಿಯ ಏರಿಕೆ, ನಿಜವಾದ ಏರಿಕೆ

ಭಾರತದ ಗ್ರಾಮೀಣ ಪ್ರದೇಶದಲ್ಲಿ ತಲಾ ಮಾಸಿಕ ವೆಚ್ಚ 2011-12ರಲ್ಲಿ 1,430 ರೂ. ಇದ್ದದ್ದು 2022-23ರಲ್ಲಿ 3,773 ರೂ., 2023-24ರಲ್ಲಿ 4,122 ರೂ. ಆಯಿತು. ಪಟ್ಟಣಗಳಲ್ಲಿ ಇದೇ ಅಂಕಿ 2,630 ರೂ.ಗಳಿಂದ 6,459 ರೂ.ಗಳಿಗೆ, ಬಳಿಕ 6,996 ರೂ.ಗಳಿಗೆ ಏರಿತು. ಕರ್ನಾಟಕದ ಅಂಕಿಗಳು ಇದಕ್ಕಿಂತ ಮೇಲಿವೆ. ರಾಜ್ಯದ ಹಳ್ಳಿಗಳಲ್ಲಿ 2011-12ರ 1,561 ರೂ. 2023-24ಕ್ಕೆ 4,903 ರೂ. ಆಗಿದೆ. ಪಟ್ಟಣಗಳಲ್ಲಿ 3,026 ರೂ. ಇದ್ದದ್ದು 8,076 ರೂ. ಆಗಿದೆ. ನಾಲ್ಕು ಜನರ ಹಳ್ಳಿಯ ಸಂಸಾರವೊಂದು ರಾಜ್ಯದ ಸರಾಸರಿಯಂತೆ ತಿಂಗಳಿಗೆ 6,244 ರೂ. ಖರ್ಚು ಮಾಡುತ್ತಿದ್ದುದು ಹನ್ನೆರಡು ವರ್ಷಗಳ ನಂತರ 19,612 ರೂ. ಖರ್ಚು ಮಾಡುವಂತಾಯಿತು.

ಇಷ್ಟನ್ನೇ ನೋಡಿ ಹಳ್ಳಿಯ ಕೊಳ್ಳುವ ಶಕ್ತಿ ಮೂರು ಪಟ್ಟು ಹೆಚ್ಚಿತೆಂದು ಭಾವಿಸಿ ಮಾಲು ತುಂಬಿಸಿಕೊಂಡವರು ಕಷ್ಟಕ್ಕೆ ಸಿಲುಕುವುದು ಸಹಜ. ಸಮೀಕ್ಷೆಯ ವರದಿಯೇ 2011-12ರ ಬೆಲೆಗಳಲ್ಲಿ ಅಳೆದ ಅಂಕಿಯನ್ನೂ ನೀಡಿದೆ. ಆ ಪ್ರಕಾರ ಗ್ರಾಮೀಣ ಭಾರತದ 4,122 ರೂ. ಹಳೆಯ ಬೆಲೆಯಲ್ಲಿ 2,079 ರೂ.ಗಳಿಗೆ ಸಮ. ಅಂದರೆ ಹಳ್ಳಿಯಲ್ಲಿ 100 ರೂ.ಗಳಿಗೆ ಬರುತ್ತಿದ್ದ ಸಾಮಾನಿಗೆ 2023-24ರಲ್ಲಿ ಸುಮಾರು 198 ರೂ. ಕೊಡಬೇಕಾಗಿತ್ತು. ಬೆಲೆ ಏರಿಕೆಯನ್ನು ಕಳೆದ ಮೇಲೆ ಉಳಿಯುವ ನಿಜವಾದ ಹೆಚ್ಚಳ ಹನ್ನೆರಡು ವರ್ಷಗಳಲ್ಲಿ ಶೇ. 45ರಷ್ಟು, ವರ್ಷಕ್ಕೆ ಶೇ. 3ಕ್ಕೆ ತುಸು ಮೇಲೆ. ಪಟ್ಟಣಗಳಲ್ಲಿ ಈ ಹೆಚ್ಚಳ ಶೇ. 38 ಮಾತ್ರ.

ಇದನ್ನು ಅಂಗಡಿಯ ಲೆಕ್ಕಕ್ಕೆ ಅನ್ವಯಿಸಿ ನೋಡಬಹುದು. ಕಲಘಟಗಿಯಲ್ಲಿ ಒಂದು ಕಿರಾಣಿ ಅಂಗಡಿ ಇದೆ ಎಂದು ಭಾವಿಸಿರಿ. ಅದರ ಮಾಸಿಕ ಮಾರಾಟ 2011-12ರಲ್ಲಿ 60,000 ರೂ. ಇತ್ತು, 2023-24ರಲ್ಲಿ 1,20,000 ರೂ. ಆಯಿತು. ಮಾಲೀಕರಿಗೆ ವ್ಯಾಪಾರ ಎರಡರಷ್ಟಾದ ಸಮಾಧಾನ. ಆದರೆ ಬೆಲೆಗಳೇ ಎರಡರಷ್ಟಾಗಿರುವುದರಿಂದ, ಹಳೆಯ ಪ್ರಮಾಣದಷ್ಟೇ ಮಾಲು ಮಾರಿದರೂ 1,19,000 ರೂ. ಆಗಬೇಕಾಗಿತ್ತು. ಅಂದರೆ ಅಂಗಡಿ ಇದ್ದಲ್ಲಿಯೇ ನಿಂತಿದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ, ಹಳ್ಳಿಗರ ಒಟ್ಟು ಆಹಾರ ವೆಚ್ಚ ಈ ಅವಧಿಯಲ್ಲಿ ಎರಡೂವರೆ ಪಟ್ಟಿಗಿಂತ ಹೆಚ್ಚಾಗಿದೆ. ಗಿರಾಕಿಗಳ ಆಹಾರ ವೆಚ್ಚದಲ್ಲಿ ಹಿಂದಿನಷ್ಟೇ ಪಾಲನ್ನು ಉಳಿಸಿಕೊಂಡಿದ್ದರೆ ಈ ಅಂಗಡಿಯ ಮಾರಾಟ 1,53,000 ರೂ.ಗಳ ಆಸುಪಾಸಿನಲ್ಲಿರಬೇಕಾಗಿತ್ತು. ಉಳಿದ ಮೂವತ್ತು ಮೂವತ್ಮೂರು ಸಾವಿರ ರೂಪಾಯಿಯ ವ್ಯಾಪಾರ ಬೇರೆಡೆಗೆ ಹೋಗಿದೆ. ಮಗ್ಗುಲಿನ ಹೊಸ ಅಂಗಡಿಗೆ ಹೋಗಿರಬಹುದು, ಹುಬ್ಬಳ್ಳಿಗೆ ಹೋಗಿರಬಹುದು, ಅಥವಾ ಆ ಅಂಗಡಿಯಲ್ಲಿ ಇಡದೇ ಇರುವ ಪದಾರ್ಥಗಳತ್ತ ಹರಿದಿರಬಹುದು. ಈ ಕೊನೆಯ ಸಾಧ್ಯತೆಯನ್ನೇ ಹೆಚ್ಚು ಪರಿಶೀಲಿಸಬೇಕು. ಏಕೆಂದರೆ ಖರ್ಚಿನ ಮೊತ್ತಕ್ಕಿಂತ ಖರ್ಚಿನ ಹಂಚಿಕೆಯೇ ಹೆಚ್ಚು ಬದಲಾಗಿದೆ.

ಯಾವುದು ಇಳಿಯಿತು, ಯಾವುದು ಏರಿತು

ಗ್ರಾಮೀಣ ಭಾರತದ ನೂರು ರೂಪಾಯಿ ಖರ್ಚಿನಲ್ಲಿ ಪ್ರಮುಖ ಬಾಬುಗಳ ಪಾಲು ಹೀಗಿದೆ (ಮೊದಲನೆಯದು 2011-12, ಎರಡನೆಯದು 2023-24):

ಎಲ್ಲ ಆಹಾರ ಪದಾರ್ಥ: 52.9 – 47.0
ಆಹಾರದ ಪೈಕಿ ಧಾನ್ಯ: 10.7 – 5.0
ಹಾಲು, ಹಾಲಿನ ಪದಾರ್ಥ: 8.0 – 8.4
ಪಾನೀಯ, ತಿಂಡಿ, ಸಂಸ್ಕರಿಸಿದ ಆಹಾರ: 7.9 – 9.8
ಪ್ರಯಾಣ, ವಾಹನದ ಇಂಧನ: 4.2 – 7.6
ಬಾಳಿಕೆ ಬರುವ ವಸ್ತುಗಳು: 4.9 – 6.5

ಪಾಲು ಇಳಿದರೂ ಮೊತ್ತ ಇಳಿಯಬೇಕೆಂದಿಲ್ಲ ಎಂಬುದನ್ನು ಗಮನದಲ್ಲಿಡಬೇಕು. ಧಾನ್ಯದ ಪಾಲು ಅರ್ಧಕ್ಕಿಂತ ಕೆಳಗಿಳಿದರೂ ತಲಾ 153 ರೂ. ಇದ್ದ ಖರ್ಚು 206 ರೂ. ಆಸುಪಾಸಿಗೆ ಬಂದಿದೆ. ಆದರೆ ಬೆಲೆಗಳು ಎರಡರಷ್ಟಾಗಿರುವಾಗ ಇದು ಹಳೆಯ ಲೆಕ್ಕದಲ್ಲಿ ಸುಮಾರು 104 ರೂ. ಮಾತ್ರ. ಮೂರರಲ್ಲಿ ಒಂದು ಪಾಲಿನಷ್ಟು ಧಾನ್ಯದ ವ್ಯಾಪಾರ ಪೇಟೆಯಿಂದ ಮಾಯವಾಯಿತು ಎಂದೇ ಇದರ ಅರ್ಥ. ಅದೇ ಅವಧಿಯಲ್ಲಿ ಪಾನೀಯ ಮತ್ತು ತಯಾರಿಸಿದ ತಿನಿಸುಗಳ ಖರ್ಚು 113 ರೂ.ಗಳಿಂದ 406 ರೂ.ಗಳಿಗೆ ಏರಿದೆ. ಹಳ್ಳಿಯ ಮನೆಯೊಂದು ಅಕ್ಕಿ, ಜೋಳ, ಗೋಧಿಗಳೆಲ್ಲವಕ್ಕೂ ಸೇರಿ ವ್ಯಯಿಸುವುದರ ಸುಮಾರು ಎರಡರಷ್ಟನ್ನು ಚಹಾ, ಬಿಸ್ಕತ್ತು, ಚಿವಡಾ, ಹೋಟೆಲಿನ ತಿಂಡಿ ಇತ್ಯಾದಿಗಳಿಗೆ ವ್ಯಯಿಸುತ್ತಿದೆ. 2011-12ರಲ್ಲಿ ಪರಿಸ್ಥಿತಿ ಇದಕ್ಕೆ ವಿರುದ್ಧವಾಗಿತ್ತು.

ಧಾನ್ಯದ ಖರ್ಚು ಇಳಿಯಲು ಊಟದ ಅಭ್ಯಾಸ ಬದಲಾದದ್ದಷ್ಟೇ ಕಾರಣವಲ್ಲ. ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಬಂದದ್ದು 2013ರಲ್ಲಿ. ಕರ್ನಾಟಕದಲ್ಲಿ ಅದೇ ವರ್ಷದ ಜುಲೈ ತಿಂಗಳಲ್ಲಿ ಅನ್ನಭಾಗ್ಯ ಆರಂಭವಾಯಿತು. ಮೊದಲು ಕಿಲೋಗೆ ಒಂದು ರೂಪಾಯಿಯಂತೆ, 2015ರಿಂದ ಉಚಿತವಾಗಿ ಅಕ್ಕಿ ದೊರೆಯಿತು. ಪುಕ್ಕಟೆ ಸಿಕ್ಕ ಅಕ್ಕಿ ಮೇಲಿನ ಖರ್ಚಿನ ಅಂಕಿಗಳಲ್ಲಿ ಕಾಣಿಸುವುದಿಲ್ಲ. ಸಮೀಕ್ಷೆಯವರು ಉಚಿತ ಧಾನ್ಯ ಮತ್ತು ಸಮವಸ್ತ್ರ, ಸೈಕಲ್ ಮೊದಲಾದ ವಸ್ತುಗಳಿಗೆ ಪ್ರತ್ಯೇಕವಾಗಿ ಬೆಲೆ ಕಟ್ಟಿ ಸೇರಿಸಿದಾಗ ಗ್ರಾಮೀಣ ಭಾರತದ 4,122 ರೂ. 4,247 ರೂ. ಆಗುತ್ತದೆ. ತಲಾ 125 ರೂ.ಗಳ ಈ ವ್ಯತ್ಯಾಸ ಚಿಕ್ಕದೆನಿಸಬಹುದು. ಆದರೆ ಅದರ ಬಹುಭಾಗ ಅಕ್ಕಿ-ಗೋಧಿಯ ಅಂಗಡಿಯ ಮುಂದೆಯೇ ಕಡಿತವಾಗುವ ಹಣ.

ಇಲ್ಲಿ ಉಳಿದ ಹಣ ಎಲ್ಲಿಗೆ ಹೋಯಿತು ಎಂಬುದಕ್ಕೆ ಮೇಲಿನ ಪಟ್ಟಿಯೇ ಉತ್ತರ. ಇನ್ನೊಂದು ಮಾತು ಅಹಿತವಾದರೂ ಹೇಳಬೇಕಾದದ್ದು. 2022-23ರಲ್ಲಿ ಗ್ರಾಮೀಣ ಕುಟುಂಬಗಳು ಶಿಕ್ಷಣಕ್ಕೆ ಶೇ. 3.30ರಷ್ಟು, ಪಾನ್, ತಂಬಾಕು, ಮದ್ಯಗಳಿಗೆ ಶೇ. 3.79ರಷ್ಟು ವೆಚ್ಚ ಮಾಡಿವೆ. ಹತ್ತು ವರ್ಷಗಳಲ್ಲಿ ಮೊದಲನೆಯದು ತುಸು ಇಳಿದಿದೆ, ಎರಡನೆಯದು ಏರಿದೆ. ಪಾನ್ ಅಂಗಡಿ ಹಾಕಿದವರಿಗೆ ಇದು ಶುಭವಾರ್ತೆಯಾದೀತು, ಊರಿಗೆ ಅಲ್ಲ.

ಕಲಘಟಗಿಗೆ ಈ ಅಂಕಿಗಳು ಎಷ್ಟು ಅನ್ವಯ

ಸಮೀಕ್ಷೆಯು ರಾಜ್ಯಮಟ್ಟದ ಸರಾಸರಿಗಳನ್ನು ಕೊಡುತ್ತದೆ, ತಾಲ್ಲೂಕಿನದನ್ನಲ್ಲ. ಧಾರವಾಡ ಜಿಲ್ಲೆಯ ಸರಾಸರಿ ಇದ್ದಿದ್ದರೂ ಕಲಘಟಗಿಗೆ ಅದು ಹೊಂದುತ್ತಿರಲಿಲ್ಲ. 2011ರ ಜನಗಣತಿಯಂತೆ ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಕಾರಣ ಜಿಲ್ಲೆಯ ಅರ್ಧಕ್ಕಿಂತ ಹೆಚ್ಚು ಜನ ಪಟ್ಟಣವಾಸಿಗಳು. ಕಲಘಟಗಿ ತಾಲ್ಲೂಕಾದರೋ ಬಹುತೇಕ ಹಳ್ಳಿಗಳದೇ. ಭತ್ತ, ಗೋವಿನಜೋಳ, ಸೋಯಾ, ಹತ್ತಿ, ಕಬ್ಬು ಇಲ್ಲಿನ ಬೆಳೆಗಳು, ಮಳೆಯೇ ಆಧಾರ. ಹಾಗಾಗಿ ರಾಜ್ಯದ ಗ್ರಾಮೀಣ ಸರಾಸರಿಯನ್ನೇ ಅಳತೆಗೋಲಾಗಿ ಹಿಡಿದು, ಅದರಿಂದ ಸ್ಥಳೀಯ ವ್ಯತ್ಯಾಸಗಳನ್ನು ಕಳೆಯುತ್ತ ಹೋಗುವುದು ಲೇಸು.

ಮೊದಲನೆಯ ವ್ಯತ್ಯಾಸ ಕಾಲಮಾನದ್ದು. ಸಂಬಳದಾರರ ಊರಿನಲ್ಲಿ ತಿಂಗಳ ಸರಾಸರಿ ಎಂದರೆ ಹೆಚ್ಚುಕಡಿಮೆ ಪ್ರತಿ ತಿಂಗಳ ಖರ್ಚು. ಕಲಘಟಗಿಯಲ್ಲಿ ಹಾಗಲ್ಲ. ಮುಂಗಾರಿನ ಸೋಯಾ, ಗೋವಿನಜೋಳ ಮಾರಾಟವಾಗಿ ಭತ್ತದ ಸುಗ್ಗಿ ಮುಗಿಯುವವರೆಗೆ ಕಿರಾಣಿ ಉದ್ರಿಯಲ್ಲೇ ನಡೆಯುತ್ತದೆ. ಬಟ್ಟೆ, ಪಾತ್ರೆ, ವಾಹನ, ಮೊಬೈಲು ಇವುಗಳ ಖರೀದಿ ಸುಗ್ಗಿಯ ಮೇಲೆ, ಲಗ್ನದ ದಿನಗಳಲ್ಲಿ ಒಟ್ಟಾಗಿ ಬೀಳುತ್ತದೆ. ಇದೇ ಕಾರಣಕ್ಕೆ ಸಮೀಕ್ಷೆಯವರೂ ತರಕಾರಿ, ಎಣ್ಣೆ, ತಿಂಡಿಗಳನ್ನು ಹಿಂದಿನ ಏಳು ದಿನಗಳ ಲೆಕ್ಕದಲ್ಲಿ, ಬಟ್ಟೆ ಮತ್ತು ಬಾಳಿಕೆಯ ವಸ್ತುಗಳನ್ನು ಹಿಂದಿನ 365 ದಿನಗಳ ಲೆಕ್ಕದಲ್ಲಿ ಕೇಳುತ್ತಾರೆ. ಜುಲೈ-ಆಗಸ್ಟ್ ತಿಂಗಳ ಮಾರಾಟವನ್ನು ನೋಡಿ ವರ್ಷದ ಅಂದಾಜು ಕಟ್ಟುವ ವರ್ತಕನು ಅದೇ ತತ್ತ್ವವನ್ನು ಮರೆತಂತಾಗುತ್ತದೆ.

ಎರಡನೆಯದು ಸರ್ಕಾರಿ ನಗದು. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಆದರೂ 2022-23ರಿಂದ 2023-24ಕ್ಕೆ ಕರ್ನಾಟಕದ ಗ್ರಾಮೀಣ ತಲಾ ವೆಚ್ಚ 4,397 ರೂ.ಗಳಿಂದ 4,903 ರೂ.ಗಳಿಗೆ, ಅಂದರೆ ಶೇ. 11.5ರಷ್ಟು ಏರಿತು. ಅದೇ ವರ್ಷ ಗ್ರಾಮೀಣ ಭಾರತದ ಏರಿಕೆ ಶೇ. 9ರಷ್ಟು, ಕರ್ನಾಟಕದ ಪಟ್ಟಣಗಳ ಏರಿಕೆ ಶೇ. 5ರ ಆಸುಪಾಸು. ಈ ವರ್ಷವೇ ಗೃಹಲಕ್ಷ್ಮಿಯ ಮಾಸಿಕ 2,000 ರೂ., ಅನ್ನಭಾಗ್ಯದ ಹೆಚ್ಚುವರಿ ಅಕ್ಕಿಯ ಬದಲಿಗೆ ತಲಾ 170 ರೂ. ನಗದು ಮನೆಗಳಿಗೆ ತಲುಪತೊಡಗಿದವು. ನಾಲ್ಕು ಜನರ ಸಂಸಾರದಲ್ಲಿ 2,000 ರೂ. ಎಂದರೆ ತಲಾ 500 ರೂ. ಒಂದು ವರ್ಷದ ಏರಿಕೆಯನ್ನು ಒಂದೇ ಯೋಜನೆಗೆ ಗಂಟುಹಾಕುವುದು ಅವಸರದ ತೀರ್ಮಾನವಾದೀತು. ಆದರೆ ಸುಗ್ಗಿಯ ಹಣಕ್ಕಿಂತ ಭಿನ್ನವಾಗಿ ಈ ಹಣ ಮನೆಯ ಹೆಣ್ಣುಮಕ್ಕಳ ಖಾತೆಗೆ ಬರುತ್ತದೆ ಮತ್ತು ಸಣ್ಣ ಮೊತ್ತಗಳಲ್ಲಿ ಖರ್ಚಾಗುವಂಥದ್ದು. ಕಂತು ತಡವಾದರೆ ಪೇಟೆಯಲ್ಲೂ ಅದರ ನೆರಳು ಬೀಳುವುದು ಸಹಜ.

ಮೂರನೆಯದು ಹುಬ್ಬಳ್ಳಿ. ಕಲಘಟಗಿಯಿಂದ ಹುಬ್ಬಳ್ಳಿಗೆ ಸುಮಾರು 30 ಕಿ.ಮೀ. ಕಾರವಾರದ ಕಡೆಗೆ ಹೋಗುವ ಹೆದ್ದಾರಿಯ ಮೇಲೆಯೇ ಊರು. ಮೇಲಿನ ಪಟ್ಟಿಯಲ್ಲಿ ಅತ್ಯಂತ ವೇಗವಾಗಿ ಬೆಳೆದದ್ದು ಪ್ರಯಾಣದ ಖರ್ಚು: ತಲಾ 60 ರೂ. ಇದ್ದದ್ದು 313 ರೂ., ಐದು ಪಟ್ಟಿಗೂ ಮೇಲೆ. ಪೆಟ್ರೋಲ್ ಬಂಕ್, ಟೈರ್, ದುರಸ್ತಿ ಅಂಗಡಿಗಳಿಗೆ ಇದು ನೇರ ಲಾಭ. ಉಳಿದವರಿಗೆ ಇದು ಗಿರಾಕಿಯನ್ನು ದೂರ ಒಯ್ಯುವ ಖರ್ಚು. ದ್ವಿಚಕ್ರ ವಾಹನ ಮನೆಗೆ ಬಂದ ಮೇಲೆ ಹುಬ್ಬಳ್ಳಿಯ ದರವೂ ಹಳ್ಳಿಯವರಿಗೆ ತಿಳಿಯುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಸೀರೆ, ಪಾತ್ರೆ, ಬಂಗಾರದ ಖರೀದಿಗೆ ಹುಬ್ಬಳ್ಳಿಗೆ ಹೋಗಲು ಇದ್ದ ಬಸ್ ಚಾರ್ಜಿನ ತಡೆಯೂ ಉಳಿಯಲಿಲ್ಲ. ಇಂಥ ಸ್ಥಿತಿಯಲ್ಲಿ ಹುಬ್ಬಳ್ಳಿಯ ದರಕ್ಕೆ ಸ್ಪರ್ಧಿಸುವುದು ಕಲಘಟಗಿಯ ಸಣ್ಣ ಅಂಗಡಿಗೆ ಸಾಧ್ಯವಿಲ್ಲದ ಮಾತು. ಗಿರಾಕಿಯು ಒಂದೆರಡು ವಸ್ತುಗಳಿಗಾಗಿ 30 ಕಿ.ಮೀ. ಹೋಗಲು ಮನಸ್ಸು ಮಾಡದ ಬಾಬುಗಳಲ್ಲೇ ಅದರ ಬಲವಿದೆ: ಹಾಲು, ತಿಂಡಿ, ತರಕಾರಿ, ದಿನಬಳಕೆಯ ಸಾಬೂನು-ಎಣ್ಣೆ, ಮತ್ತು ಉದ್ರಿ.

ಸಣ್ಣ ಉತ್ಪಾದಕರ ಪಾಲಿಗೆ

ತಯಾರಿಸಿದ ತಿನಿಸುಗಳ ಖರ್ಚು ಮೂರೂವರೆ ಪಟ್ಟಾಗಿರುವುದು ತಾಲ್ಲೂಕಿನ ಸಣ್ಣ ಉತ್ಪಾದಕರಿಗೆ ಎಲ್ಲಕ್ಕಿಂತ ಮುಖ್ಯ ಸುದ್ದಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಶ್ಯಾವಿಗೆ, ಹಪ್ಪಳ, ಚಕ್ಕುಲಿ, ಚಿವಡಾ ಇವೆಲ್ಲ ಉತ್ತರ ಕರ್ನಾಟಕದಲ್ಲಿ ಮನೆಯ ಕೆಲಸವಾಗಿದ್ದವು, ಈಗ ಮಾರಾಟದ ಸರಕಾಗಿವೆ. ಗೋವಿನಜೋಳ, ಅಕ್ಕಿ ಇಲ್ಲಿಯೇ ಬೆಳೆಯುತ್ತವೆ. ಧಾನ್ಯವಾಗಿ ಮಾರಿದರೆ ಕುಗ್ಗುತ್ತಿರುವ ಪೇಟೆ. ಅವಲಕ್ಕಿ, ಚುರಮುರಿ, ಹಿಟ್ಟು, ತಿಂಡಿಯಾಗಿ ಮಾರಿದರೆ ಬೆಳೆಯುತ್ತಿರುವ ಪೇಟೆ.

ಆದರೆ ತೆರಿಗೆಯ ಲೆಕ್ಕವೂ ಬದಲಾಗಿದೆ. ಪೊಟ್ಟಣ ಕಟ್ಟಿ ಹೆಸರು ಅಚ್ಚು ಹಾಕಿದ ಖಾರದ ತಿಂಡಿಗಳಿಗೆ ಶೇ. 12ರಷ್ಟು, ಬಿಡಿಯಾಗಿ ತೂಗಿ ಕೊಡುವುದಕ್ಕೆ ಶೇ. 5ರಷ್ಟು ಜಿ.ಎಸ್.ಟಿ. ಇತ್ತು. ಬಿಡಿ ಮಾರುವ ಸಣ್ಣವರಿಗೆ ಅದೊಂದು ಆಸರೆ. 2025ರ ಸೆಪ್ಟೆಂಬರ್ 22ರಿಂದ ಪೊಟ್ಟಣದ ತಿಂಡಿಯೂ ಶೇ. 5ಕ್ಕೆ ಇಳಿಯಿತು. ಬಿಸ್ಕತ್ತು, ಸಾಬೂನು, ಹಲ್ಲುಪೇಸ್ಟು, ತಲೆಗೆಣ್ಣೆಗಳು ಶೇ. 18ರಿಂದ ಶೇ. 5ಕ್ಕೆ ಬಂದವು. ಗಿರಾಕಿಗೆ ಇದು ಉಳಿತಾಯ, ಅಂಗಡಿಗೆ ಮಾರಾಟ. ದೊಡ್ಡ ಕಂಪನಿಯ ಪೊಟ್ಟಣಕ್ಕೂ ಊರಿನ ಚಿವಡಾಕ್ಕೂ ಇದ್ದ ತೆರಿಗೆಯ ಅಂತರ ಮಾತ್ರ ಅಳಿಸಿತು. ಇನ್ನು ಮುಂದೆ ತಾಜಾತನ, ರುಚಿ ಮತ್ತು ತೂಕದ ನಂಬಿಕೆಗಳ ಮೇಲೆಯೇ ಸಣ್ಣ ಉತ್ಪಾದಕರು ನಿಲ್ಲಬೇಕು. ಮೇಲಿನ ಎರಡೂ ಸಮೀಕ್ಷೆಗಳು ಈ ಇಳಿಕೆಗಿಂತ ಮೊದಲಿನವು ಎಂಬುದೂ ನೆನಪಿರಲಿ.

ಬಾಳಿಕೆಯ ವಸ್ತುಗಳ ಖರ್ಚು ತಲಾ 69 ರೂ.ಗಳಿಂದ 267 ರೂ.ಗಳಿಗೆ ಏರಿದೆ. ಇದರಲ್ಲಿ ಹೆಚ್ಚಿನದು ಕಾರ್ಖಾನೆಯ ಮಾಲು: ವಾಹನ, ಮೊಬೈಲು, ಟಿ.ವಿ., ಮಿಕ್ಸರ್. ಊರಿನ ಬಡಗಿಗೆ, ಕಮ್ಮಾರನಿಗೆ ಸಿಗುವ ಪಾಲು ಅಲ್ಪ. ಆದರೂ ಕಲಘಟಗಿಗೆ ಹೆಸರು ತಂದ ಬಣ್ಣದ ತೊಟ್ಟಿಲಿನ ವಿಷಯ ಬೇರೆ. ಸಾಗವಾನಿ ಕಟ್ಟಿಗೆಗೆ ಅರಗಿನ ಬಣ್ಣ ಹಾಕಿ ಪುರಾಣದ ಚಿತ್ರ ಬರೆದ ಈ ತೊಟ್ಟಿಲುಗಳು ತಲೆಮಾರುಗಳ ಕಾಲ ಬಾಳುತ್ತವೆ; ಒಮ್ಮೆ ಕೊಂಡ ಮನೆ ಮತ್ತೆ ಕೊಳ್ಳುವುದಿಲ್ಲ. ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮಹಿಳೆಯೊಬ್ಬಳಿಗೆ ಸರಾಸರಿ ಮಕ್ಕಳ ಸಂಖ್ಯೆ 2019-21ರಲ್ಲಿ 1.7ಕ್ಕೆ ಇಳಿದಿದೆ. ತೊಟ್ಟಿಲುಗಳ ಸಂಖ್ಯೆಯ ಮೇಲೆ ಆಸೆ ಇಡುವಂತಿಲ್ಲ. ಆದರೆ ಒಂದೋ ಎರಡೋ ಮಕ್ಕಳಿರುವ ಮನೆಗಳು ಪ್ರತಿ ಮಗುವಿನ ಮೇಲೆ ಹೆಚ್ಚು ವೆಚ್ಚ ಮಾಡಬಲ್ಲವು. ಕಲಘಟಗಿ ತೊಟ್ಟಿಲಿನ ನಿಜವಾದ ಗಿರಾಕಿ ತಾಲ್ಲೂಕಿನ ಸರಾಸರಿ ಕುಟುಂಬವಲ್ಲ. ದೇಶದ ಪಟ್ಟಣಗಳಲ್ಲಿ ಮೇಲಿನ ಶೇ. 5 ಜನರ ತಲಾ ಮಾಸಿಕ ವೆಚ್ಚ 2023-24ರಲ್ಲಿ 20,310 ರೂ. ಇತ್ತು. ಆ ವರ್ಗವನ್ನು ತಲುಪುವ ಮಾರಾಟದ ದಾರಿ ಈ ಕಸುಬಿಗೆ ಬೇಕಾಗಿದೆ.

ಸರಾಸರಿಯ ಕೆಳಗಿನವರನ್ನೂ ಮರೆಯಲಾಗದು. ಗ್ರಾಮೀಣ ಭಾರತದ ಕೆಳಗಿನ ಶೇ. 5 ಜನರ ತಲಾ ವೆಚ್ಚ 2022-23ರಲ್ಲಿ 1,373 ರೂ., 2023-24ರಲ್ಲಿ 1,677 ರೂ. ಒಂದು ವರ್ಷದಲ್ಲಿ ಶೇ. 22ರ ಏರಿಕೆ. ಮೇಲಿನ ಶೇ. 5 ಜನರದು 10,501 ರೂ.ಗಳಿಂದ 10,137 ರೂ.ಗಳಿಗೆ ತುಸು ಇಳಿಯಿತು. ಹತ್ತು ರೂಪಾಯಿಯ ಪೊಟ್ಟಣ ಕೊಳ್ಳುವವರ ಸಂಖ್ಯೆ ಹಳ್ಳಿಯಲ್ಲಿ ಹೆಚ್ಚುತ್ತಿದೆ ಎಂದು ಇದರಿಂದ ಊಹಿಸಬಹುದು.

ಹೊಸ ಸಮೀಕ್ಷೆಗಳು 2011-12ಕ್ಕಿಂತ ಹೆಚ್ಚು ವಸ್ತುಗಳ ಪಟ್ಟಿ ಹಿಡಿದು, ಒಂದೇ ಮನೆಗೆ ಮೂರು ಸಲ ಭೇಟಿ ಕೊಟ್ಟು ಮಾಹಿತಿ ಪಡೆದಿವೆ. ಹಾಗೆ ಕೇಳಿದಾಗ ಮರೆತ ಖರ್ಚೂ ದಾಖಲಾಗುವುದರಿಂದ, ಏರಿಕೆಯ ಸ್ವಲ್ಪ ಭಾಗ ವಿಧಾನದ್ದೇ ಇರಬಹುದು. ಬಾಬುವಾರು ಹಂಚಿಕೆಯ ದಿಕ್ಕು ಮಾತ್ರ ಇದರಿಂದ ತಲೆಕೆಳಗಾಗುವಂತಿಲ್ಲ.

ತಮ್ಮ ಅಂಗಡಿಯ ಲೆಕ್ಕವನ್ನು ಇದರೊಡನೆ ಹೋಲಿಸಬಯಸುವ ವರ್ತಕರು ಮಾರಾಟವನ್ನು ಧಾನ್ಯ-ಬೇಳೆ, ತಯಾರಿಸಿದ ತಿನಿಸು, ದಿನಬಳಕೆಯ ವಸ್ತು, ಇತರೆ ಎಂದು ನಾಲ್ಕು ಕಾಲಂಗಳಲ್ಲಿ ಬರೆದಿಟ್ಟರೆ ಸಾಕು. ವರ್ಷವನ್ನು ಏಪ್ರಿಲ್‌ನಿಂದ ಎಣಿಸದೆ ಸಮೀಕ್ಷೆಯಂತೆ ಆಗಸ್ಟ್‌ನಿಂದ ಜುಲೈವರೆಗೆ ಎಣಿಸಬೇಕು. ಆಗ ಒಂದು ಮುಂಗಾರಿನ ಸುಗ್ಗಿ, ಒಂದು ಲಗ್ನದ ಕಾಲ ಎರಡೂ ಪೂರ್ಣವಾಗಿ ಲೆಕ್ಕದೊಳಗೆ ಬರುತ್ತವೆ. ಉದ್ರಿಯ ಮಾರಾಟವನ್ನು ವಸೂಲಾದ ತಿಂಗಳಲ್ಲಿ ಬರೆಯದೆ, ಮಾಲು ಹೋದ ತಿಂಗಳಲ್ಲಿಯೇ ಬರೆಯುವುದು ಅವಶ್ಯ.